ಅಕ್ಷರದ ಪಾಪ

ನನ್ನ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಚಿತ್ರಕಲೆ ಪುಸ್ತಕದ ಹೊದಿಕೆಯ ಮೇಲೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಒಂದು ಬಗೆಯಾಗಿ ಬರೆದಿದ್ದಳು. ದಪ್ಪನೆಯ ನೆಟ್ಟಗಿನ ಗೀಟುಗಳು, ಈಟಿಯಂಥ ತುದಿ, ದುಂಡಗಿರಬೇಕಾದ ಕಡೆಯಲ್ಲೆಲ್ಲ ಮುರಿದ ಮೂಲೆ. ನಾನು ಸಮಾಜ ಪಾಠದವಳು. ಹಿಟ್ಲರನ ಕಾಲದ ಭಿತ್ತಿಪತ್ರಗಳಲ್ಲಿ ಈ ಅಕ್ಷರ ಕಂಡಿದ್ದೆ. "ಇದು ಕೊಲೆಗಡುಕರ ಅಕ್ಷರ ಕಣೇ" ಎಂದು ಎಲ್ಲರೆದುರು ಗದರಿ ಹೊದಿಕೆಯನ್ನು ಹರಿದುಬಿಟ್ಟೆ. "ನಮ್ಮಪ್ಪ ಕಲಿಸಿದ್ದು ಮಿಸ್" ಎಂದಳು, ಅಷ್ಟೆ. ಅವಳಪ್ಪ ಬೋರ್ಡ್ ಬರೆಯುವವರು. ಫ್ಲೆಕ್ಸ್ ಬಂದ ಮೇಲೆ ಅವರ ಕುಂಚಕ್ಕೆ ಕೆಲಸವಿಲ್ಲ.

ಸಂಜೆ ಕಾಫಿ ಲೋಟ ಹಿಡಿದು ಕೂತಾಗ ಗೋಡೆಯತ್ತ ಕಣ್ಣು ಹೋಯಿತು. ಅಮ್ಮ ಆಸೆಪಟ್ಟು ಕಟ್ಟು ಹಾಕಿಸಿದ ನನ್ನ ಬಿ.ಎ. ಪದವಿಪತ್ರ. ಅದರ ನೆತ್ತಿಯ ಮೇಲಿನ ಹೆಸರು ಅದೇ ಅಕ್ಷರದಲ್ಲಿ! ಇಷ್ಟು ವರ್ಷ ಧೂಳು ಒರೆಸಿದ್ದೇನೆ, ಒಮ್ಮೆಯೂ ನೋಡಿರಲಿಲ್ಲ.

ಆಮೇಲೆ ಹುಡುಕಿ ಓದಿದೆ. ಇದಕ್ಕೆ 'ಬ್ಲ್ಯಾಕ್‌ಲೆಟರ್' ಎನ್ನುತ್ತಾರೆ. ಅಗಲ ಮೊನೆಯ ಲೇಖನಿಯಿಂದ ಒತ್ತೊತ್ತಾಗಿ ಬರೆದಾಗ ಪುಟವೇ ಕಪ್ಪಾಗಿ, ನೆಯ್ದ ಬಟ್ಟೆಯಂತೆ ಕಾಣುತ್ತಿತ್ತಂತೆ. ಸುಮಾರು 1455ರಲ್ಲಿ ಗುಟೆನ್‌ಬರ್ಗ್ ಬೈಬಲ್ ಅಚ್ಚಾದದ್ದು ಈ ಅಕ್ಷರದಲ್ಲೇ. ನಮ್ಮ ನಿಘಂಟಿನ ಕಿಟೆಲ್ಲರು ಹುಟ್ಟಿದ ನಾಡಿನಲ್ಲಿ ದೇವರ ಪುಸ್ತಕ, ಮಕ್ಕಳ ಕಥೆ, ದಿನಪತ್ರಿಕೆ ಎಲ್ಲಕ್ಕೂ ಇದೇ ಅಚ್ಚು ನಡೆಯುತ್ತಿತ್ತು. 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆ ಇಂದಿಗೂ ತನ್ನ ಹೆಸರನ್ನು ಇದರಲ್ಲೇ ಹೊತ್ತಿದೆ.

ನಾಜಿಗಳು ಮೊದಲು ಇದನ್ನು ಅಪ್ಪಟ ಜರ್ಮನ್ ಅಕ್ಷರವೆಂದು ಮೆರೆಸಿದರು. 1941ರ ಜನವರಿ 3ರಂದು ಅವರೇ, ಇದು ಯಹೂದಿ ಅಕ್ಷರ, ಇನ್ನು ಬಳಸಕೂಡದೆಂದು ಸುತ್ತೋಲೆ ಹೊರಡಿಸಿದರು. ಯಹೂದಿ ಎಂಬುದಕ್ಕೆ ಆಧಾರವೇನೂ ಇರಲಿಲ್ಲ. ಸುತ್ತೋಲೆಯ ಕಾಗದದ ತಲೆಬರಹವೇ ಅದೇ ಅಕ್ಷರದಲ್ಲಿತ್ತು! ಓದಿ ನಕ್ಕೆ. ನಗು ಅರ್ಧಕ್ಕೇ ನಿಂತಿತು. ಹೊದಿಕೆ ಹರಿದ ನನ್ನ ಕೈ ನೆನಪಾಯಿತು.

ಹಾಗೆಂದು ಅಕ್ಷರಕ್ಕೇನು ಪಾಪ ಎಂದು ಸುಮ್ಮನಾಗಲೂ ಮನಸ್ಸು ಒಪ್ಪದು. ಬೆಳಗ್ಗೆ ಬಾಗಿಲಲ್ಲಿ ನಾನಿಡುವ ರಂಗೋಲಿಯಲ್ಲಿ ಸ್ವಸ್ತಿಕವಿರುತ್ತದೆ. ಅದು ಮಂಗಳದ ಗುರುತು, ನನ್ನ ಅಜ್ಜಿ ಕಲಿಸಿದ್ದು. ಆದರೆ ಆ ಶಿಬಿರಗಳಲ್ಲಿ ತಾಯಿಯನ್ನು ಕಳೆದುಕೊಂಡ ಹೆಂಗಸೊಬ್ಬಳು ನನ್ನ ಹೊಸಿಲಿಗೆ ಬಂದು ಬೆಚ್ಚಿ ನಿಂತರೆ? ನಿನ್ನ ಕಣ್ಣೇ ಸರಿಯಿಲ್ಲ ಎನ್ನಲಾದೀತೇ? ಅಳಿಸಲೂ ನನ್ನಿಂದಾಗದು. ಬಹುಶಃ ಅವಳನ್ನು ಒಳಗೆ ಕರೆದು ಕೂರಿಸಿ, ಮೊದಲು ಅವಳ ಮಾತು ಕೇಳಬೇಕು. ಆ ಹುಡುಗಿಯನ್ನು ನಾನು ಅಷ್ಟೂ ಕೇಳಲಿಲ್ಲವಲ್ಲ.

ವಾರ್ಷಿಕೋತ್ಸವ ಬಂತು. ಅವಳನ್ನು ಕರೆದು, "ತಪ್ಪು ನನ್ನದಮ್ಮ. ಬಹುಮಾನದ ಪತ್ರಗಳಿಗೆ ಹೆಸರು ಬರೆದುಕೊಡ್ತೀಯಾ? ನಿಮ್ಮಪ್ಪ ಕಲಿಸಿದ ಅಕ್ಷರದಲ್ಲೇ ಬರಿ" ಎಂದೆ. "ಆಯ್ತು ಮಿಸ್" ಎಂದಳು. ಮರುದಿನ ಇಪ್ಪತ್ತನಾಲ್ಕು ಪತ್ರಗಳನ್ನೂ ತಂದಿಟ್ಟಳು. ಬಲು ಅಂದವಾಗಿ ಬರೆದಿದ್ದಳು, ಎಲ್ಲರೂ ಬರೆಯುವ ಸಾದಾ ಅಕ್ಷರದಲ್ಲಿ.