ದುಡಿಮೆ ನಿಲ್ಲಿಸುವ ಹಕ್ಕು

ತಮಿಳುನಾಡು ಸರ್ಕಾರ ತನ್ನ ನೌಕರರ ನಿವೃತ್ತಿ ವಯಸ್ಸನ್ನು 2020ರ ಮೇ ತಿಂಗಳಲ್ಲಿ 58ರಿಂದ 59ಕ್ಕೆ, ಮರುವರ್ಷ 60ಕ್ಕೆ ಏರಿಸಿತು. ಕೊರೊನಾದಿಂದ ಬೊಕ್ಕಸ ಸೊರಗಿದ್ದ ಕಾಲ ಅದು. ನಿವೃತ್ತಿ ಮುಂದಕ್ಕೆ ಹೋದರೆ ಗ್ರಾಚ್ಯುಯಿಟಿಯ ದೊಡ್ಡ ಗಂಟೂ ಮುಂದಕ್ಕೆ ಹೋಗುತ್ತದೆ. ಕೆಲಸಕ್ಕೆ ಕಾದು ಕೂತ ಯುವಕರ ಸರದಿಯೂ ತಡವಾಗುತ್ತದೆ. ಈ ಲಾಭನಷ್ಟದ ಲೆಕ್ಕದಲ್ಲಿ ಉಡುಮಲೈಪೇಟೆ ಸೀಮೆಯ ಕೈಮಗ್ಗದವರಿಗೆ, ತೆಂಗಿನ ತೋಟದ ಕೂಲಿಯವರಿಗೆ ಎಡೆಯೇ ಇರಲಿಲ್ಲ. ವಯಸ್ಸು 58 ಎಂದರೇನು, 60 ಎಂದರೇನು, ಅವರಿಗೆ ನಿವೃತ್ತಿಯೇ ಇಲ್ಲ.

ಉಡುಮಲೈಪೇಟೆ, ಪೊಳ್ಳಾಚಿ, ನೆಗಮಂ ಸುತ್ತಿನಲ್ಲಿ ಮನೆಯೊಳಗೆ ಕನ್ನಡ ಆಡುವ ದೇವಾಂಗರು ತಲೆಮಾರುಗಳಿಂದ ನೇಯುತ್ತ ಬಂದವರು. ನೆಗಮಂ ಹತ್ತಿ ಸೀರೆಗೆ 2023ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಸಿಕ್ಕಿತು. ಸೀರೆಗೆ ಹೆಸರು ಬಂದರೂ ನೇಯುವವರ ಮಕ್ಕಳು ನೂಲಿನ ಗಿರಣಿಗೆ, ತಿರುಪ್ಪೂರಿನ ಬನಿಯನ್ ಕಂಪನಿಗಳಿಗೆ ಹೋಗುತ್ತಿದ್ದಾರೆ. ಮಗ್ಗದಲ್ಲಿ ಉಳಿದವರಿಗೆ ವಯಸ್ಸಾಗುತ್ತಿದೆ. ಗುಂಡಿಮಗ್ಗಕ್ಕೆ ಕಾಲು ಇಳಿಬಿಟ್ಟು ದಿನವಿಡೀ ತುಳಿಯುವ ಕೆಲಸ. ಕಣ್ಣು ಮಂಜಾಗುತ್ತದೆ, ಮಂಡಿ, ಸೊಂಟ ಸೋಲುತ್ತವೆ. ನೇಯಲಾಗದ ಮೇಲೂ ರಾಟೆಯ ಮುಂದೆ ಕೂತು ಕಂಡಿಕೆಗೆ ನೂಲು ಸುತ್ತಬೇಕು. ಹೆಂಗಸರು ಬದುಕಿಡೀ ಸುತ್ತಿದ ಕಂಡಿಕೆಗೆ ಬೇರೆ ಕೂಲಿ ಇಲ್ಲ. ಅದು ಗಂಡನ ಸೀರೆಯ ಲೆಕ್ಕದಲ್ಲೇ ಕರಗಿಹೋಗುತ್ತದೆ.

ಇಂಥವರನ್ನು ಕಂಡು ‘ಈ ವಯಸ್ಸಿನಲ್ಲೂ ದುಡಿಯುತ್ತಾರೆ, ಗಟ್ಟಿ ಜೀವ’ ಎಂದು ಹೊಗಳುವುದು ರೂಢಿ. ನೇಕಾರ ವಚನಕಾರ ಜೇಡರ ದಾಸಿಮಯ್ಯನನ್ನು ತಮ್ಮವನೆಂದು ಪೂಜಿಸುವ ಸಮುದಾಯಕ್ಕೆ ದುಡಿಮೆಯ ಘನತೆಯನ್ನು ಯಾರೂ ಕಲಿಸಬೇಕಿಲ್ಲ. ಆದರೆ ಮನಸಾರೆ ಮಾಡುವ ಕೆಲಸವೇ ಬೇರೆ, ಬಿಟ್ಟರೆ ಊಟವಿಲ್ಲವೆಂಬ ಭಯಕ್ಕೆ ಮಾಡುವ ಕೆಲಸವೇ ಬೇರೆ. ಇವೆರಡನ್ನೂ ಬೇರ್ಪಡಿಸಲು ಒಂದು ಪ್ರಶ್ನೆ ಸಾಕು: ಬೇಡವೆನಿಸಿದರೆ ಅವರು ನಾಳೆ ನಿಲ್ಲಿಸಬಲ್ಲರೇ? ನಿಲ್ಲಿಸಲಾಗದವರ ದುಡಿಮೆಯನ್ನು ಹೊಗಳುವ ಸಮಾಜ ತನ್ನ ಹೊಣೆಯನ್ನೂ ಅವರ ಬೆನ್ನ ಮೇಲೆಯೇ ಹೇರುತ್ತದೆ.

ಶಕ್ತಿ ಇದ್ದೂ ವಯಸ್ಸಿನ ಕಾರಣಕ್ಕೆ ಮನೆಗೆ ಹೋಗಬೇಕಾದ ನೌಕರರಿಗೂ ಆಯ್ಕೆ ತಪ್ಪುತ್ತದೆ, ನಿಜ. ಆದರೂ ಅವರ ಹಿಂದೆ ಪಿಂಚಣಿಯೋ ಉಳಿತಾಯವೋ ಇರುತ್ತದೆ. ಆದ್ದರಿಂದ ಮೊದಲ ಸರದಿ ನಿಲ್ಲಿಸಲಾಗದವರದು.

ತಮಿಳುನಾಡು ಬೇಗ ಮುಪ್ಪಾಗುತ್ತಿದೆ. 2011ರ ಜನಗಣತಿಯಲ್ಲಿ 60 ದಾಟಿದವರು ನೂರಕ್ಕೆ ಹತ್ತು ಮಂದಿ. 2031ಕ್ಕೆ ಹದಿನೆಂಟರಷ್ಟಾಗುವರೆಂಬ ಅಂದಾಜಿದೆ. 2023ರಲ್ಲಿ ರಾಜ್ಯ ಸರ್ಕಾರ ಬಡ ವೃದ್ಧರ ಮಾಸಾಶನವನ್ನು 1,200 ರೂಪಾಯಿಗೆ ಏರಿಸಿತು, ಅಂದರೆ ದಿನಕ್ಕೆ 40. ಕೇಂದ್ರದ ಯೋಜನೆಯಲ್ಲಿ 80 ತುಂಬದವರಿಗೆ ಸಿಗುವ ಪಾಲು 200 ರೂಪಾಯಿ ಮಾತ್ರ. ಗಿರಣಿಯಲ್ಲಿ ಸವೆದವರಿಗೆ 2014ರಲ್ಲಿ ಗೊತ್ತುಮಾಡಿದ ಕನಿಷ್ಠ ಪಿಎಫ್ ಪಿಂಚಣಿ 1,000. ಅಟಲ್ ಪಿಂಚಣಿ ಯೋಜನೆ 2015ರಲ್ಲಿ ಬಂತು. ಸೇರಲು 40ರ ಒಳಗಿರಬೇಕು. ಆ ಹೊತ್ತಿಗೆ ನಲವತ್ತು ದಾಟಿದ್ದ ಒಂದಿಡೀ ತಲೆಮಾರು ಬಾಗಿಲ ಹೊರಗೇ ಉಳಿಯಿತು.

ದುಡಿಯುವ ಯುವಕರು ಕಡಿಮೆಯಾಗುವಾಗ ಇಷ್ಟು ಜನಕ್ಕೆ ಕೊಡುವ ಹಣ ಎಲ್ಲಿಂದ ಬರಬೇಕು? ಈ ಪ್ರಶ್ನೆ ಸಣ್ಣದಲ್ಲ. ವಯಸ್ಸಾದವರೇ ಇನ್ನಷ್ಟು ಕಾಲ ದುಡಿಯಲಿ ಎಂಬುದು ಒಂದು ಉತ್ತರ. 70 ವರ್ಷದವರೆಗೆ ಕೆಲಸ ಒದಗಿಸಲು ಪ್ರಯತ್ನಿಸಿ ಎಂದು ಜಪಾನ್ 2021ರಿಂದ ಕಂಪನಿಗಳಿಗೆ ಕಾನೂನಿನಲ್ಲೇ ಹೇಳಿದೆ. ಆದರೆ ಅಲ್ಲಿ ಅದಕ್ಕೆ ಎಷ್ಟೋ ಮೊದಲೇ ಎಲ್ಲರನ್ನೂ ಒಳಗೊಳ್ಳುವ ಪಿಂಚಣಿ ಬಂದಿತ್ತು. ನಾವು ಮೊದಲ ಮೆಟ್ಟಿಲು ಕಟ್ಟದೆ ಎರಡನೆಯದರ ಮಾತಾಡಬಾರದು. ಇನ್ನು ‘ಇವರು ಏನು ಕಟ್ಟಿದ್ದಾರೆ’ ಎಂಬ ಆಕ್ಷೇಪ. ಐವತ್ತು ವರ್ಷ ಕೊಂಡ ಪ್ರತಿ ಸೋಪು, ಬೆಂಕಿಪೊಟ್ಟಣದ ಮೇಲೆ ಅವರೂ ತೆರಿಗೆ ಕಟ್ಟಿದ್ದಾರೆ. ರಸೀದಿ ಇಲ್ಲವೆಂದ ಮಾತ್ರಕ್ಕೆ ಋಣ ತೀರುವುದಿಲ್ಲ.

ಆದ್ದರಿಂದ ಪಿಂಚಣಿ ಊಟಕ್ಕೂ ಔಷಧಿಗೂ ಸಾಲುವಷ್ಟಿರಬೇಕು, ಬೆಲೆಯೊಂದಿಗೆ ಏರಬೇಕು. ಮಕ್ಕಳು ಕೈಬಿಟ್ಟಿದ್ದಾರೆಂದು ಕಚೇರಿಯಲ್ಲಿ ರುಜುವಾತು ಮಾಡುವ ಅವಮಾನ ಇರಬಾರದು. ಹೆಂಗಸರಿಗೆ ಅವರವರ ಹೆಸರಿನಲ್ಲೇ ಸಿಗಬೇಕು. ಮೈ ಸವೆಸುವ ಕಸುಬಿನವರಿಗೆ ಬೇಗ ಶುರುವಾಗಬೇಕು. ಕುರ್ಚಿಯ ಕೆಲಸಕ್ಕೂ ಮಗ್ಗಕ್ಕೂ ಒಂದೇ ವಯಸ್ಸಿನ ಗೆರೆ ಎಳೆಯುವುದು ಸಮಾನತೆಯಲ್ಲ. ಆಮೇಲೂ ನೇಯುತ್ತೇನೆ, ಹುಡುಗರಿಗೆ ಕಲಿಸುತ್ತೇನೆ ಎಂದವರಿಗೆ ತಕ್ಕ ಕೂಲಿ ಕೊಡಬೇಕೇ ಹೊರತು ಪಿಂಚಣಿ ಕಡಿಯಬಾರದು. ನಿಲ್ಲಿಸುವ ಹಕ್ಕು ಕೈಯಲ್ಲಿದ್ದಾಗ ಮಾತ್ರ ಮುಂದುವರಿಯುವುದು ಅವರ ಸ್ವಂತ ತೀರ್ಮಾನವಾಗುತ್ತದೆ.