ಮುಳ್ಳು ತಿರುಗಿಸಿದರೆ ವೇಳೆ ಸರಿಯಾದೀತೆ?

ತಪ್ಪನ್ನು ಕಣ್ಣಿಗೆ ಕಾಣದಂತೆ ಮಾಡುವುದು ಬೇರೆ. ತಪ್ಪನ್ನು ತಿದ್ದುವುದು ಬೇರೆ. ಈ ಭೇದವನ್ನು ಮಾತಿನಲ್ಲಿ ಒಪ್ಪದವರಿಲ್ಲ. ಆಚರಣೆಯಲ್ಲಿ ಅದನ್ನು ಗುರುತಿಸುವವರು ವಿರಳ. ಇದಕ್ಕೆ ತಕ್ಕ ನಿದರ್ಶನವೊಂದು ಹಳೆಯ ಕಂಪ್ಯೂಟರುಗಳ ಗಡಿಯಾರದಲ್ಲಿ ದೊರೆಯುತ್ತದೆ. ಮೂಲೆಗೆ ಸೇರಿದ ಇಂಥ ಯಂತ್ರಗಳನ್ನು ಅಕ್ಕರೆಯಿಂದ ಮತ್ತೆ ನಡೆಯಿಸುವ ಜನ ಇಂದು ಹಲವು ದೇಶಗಳಲ್ಲಿದ್ದಾರೆ. ಅವರಿಗೆ ಮೊದಲು ಎದುರಾಗುವ ತೊಡಕುಗಳಲ್ಲಿ ವೇಳೆಯ ತೊಡಕೂ ಒಂದು.

1981ರಲ್ಲಿ ಹೊರಬಂದ ಐಬಿಎಂ ಪಿಸಿ ಎಂಬ ಯಂತ್ರದಲ್ಲಿ, ವಿದ್ಯುತ್ತು ನಿಂತ ಮೇಲೆಯೂ ನಡೆಯುವ ಗಡಿಯಾರವೇ ಇರಲಿಲ್ಲ. ಪ್ರತಿಸಲ ಎಚ್ಚರಗೊಂಡಾಗಲೂ ಅದರ ಡಾಸ್ ವ್ಯವಸ್ಥೆಯು 1980ನೆಯ ಇಸವಿ ಜನವರಿ 1 ಎಂದು ತೋರಿಸಿ, ಇಂದಿನ ತಾರೀಖೇನು, ವೇಳೆಯೇನು ಎಂದು ಒಡೆಯನನ್ನೇ ಕೇಳುತ್ತಿತ್ತು. ತನಗೆ ತಿಳಿಯದುದನ್ನು ತಿಳಿಯದೆಂದು ಒಪ್ಪುವ ಈ ಗುಣವು ಮೆಚ್ಚತಕ್ಕದ್ದು. 1984ರ ಪಿಸಿ ಎಟಿ ಯಂತ್ರದಲ್ಲಿ ಬ್ಯಾಟರಿಯ ಬಲದಿಂದ ಸದಾ ನಡೆಯುವ ಗಡಿಯಾರವು ಬಂದಿತು. ಇಂಥ ಗಡಿಯಾರಗಳ ಜೀವಾಳವು ಸೆಕೆಂಡಿಗೆ 32,768 ಸಲ ಕಂಪಿಸುವ ಒಂದು ಸ್ಫಟಿಕ. ಆ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡಿದರೆ ಒಂದು ಉಳಿಯುತ್ತದೆ. ಅದೇ ಒಂದು ಸೆಕೆಂಡು.

ಗಡಿಯಾರವು ತಪ್ಪಿದಾಗ ತಪ್ಪಿನ ಆಕಾರವೇ ಅದರ ಕಾರಣವನ್ನು ಹೇಳುತ್ತದೆ. ಯಂತ್ರವನ್ನು ಆರಿಸಿ ಮತ್ತೆ ಹೊತ್ತಿಸಿದಾಗಲೆಲ್ಲ ತಾರೀಖು ಯಾವುದೋ ಹಳೆಯ ವರ್ಷಕ್ಕೆ ಹಾರಿದರೆ, ಬ್ಯಾಟರಿ ಸತ್ತಿದೆ ಎಂದು ತಿಳಿಯಬೇಕು. ಹಳೆಯ ಮೆಕಿಂತಾಷುಗಳಲ್ಲಿ ಕೆಲವು, ತಾವು ಹುಟ್ಟುವುದಕ್ಕೆ ಎಷ್ಟೋ ಮೊದಲಿನ 1904ನೆಯ ಇಸವಿಗೆ ಹೋಗಿ ನಿಲ್ಲುವುದುಂಟು. ಅವುಗಳ ಕಾಲಗಣನೆ ಆರಂಭವಾಗುವುದೇ ಅಲ್ಲಿಂದ. ಸತ್ತ ಬ್ಯಾಟರಿಯನ್ನು ಒಳಗೇ ಬಿಟ್ಟರೆ ಅದರಿಂದ ಸೋರುವ ರಸವು ಹಲಗೆಯ ತಾಮ್ರದ ಗೆರೆಗಳನ್ನೂ ತಿಂದುಹಾಕುವುದುಂಟು. ವೇಳೆಯು ದಿನದಿನಕ್ಕೆ ಸ್ವಲ್ಪಸ್ವಲ್ಪವೇ ಜಾರುತ್ತಿದ್ದರೆ, ಎಣಿಕೆಯ ಗತಿಯಲ್ಲಿ ದೋಷವಿದೆ. ಆದರೆ ನಿಮಿಷಗಳೆಲ್ಲ ಸರಿಯಾಗಿದ್ದು, ವೇಳೆ ಮಾತ್ರ ಸರಿಯಾಗಿ ಐದೂವರೆ ಗಂಟೆ ಹಿಂದಿದ್ದರೆ, ಗಡಿಯಾರದಲ್ಲಿ ದೋಷವೇ ಇಲ್ಲ. ತಾನು ಯಾವ ದೇಶದಲ್ಲಿದ್ದೇನೆಂಬುದು ಆ ಯಂತ್ರಕ್ಕೆ ತಿಳಿಯದು.

ಈ ಮೂರನೆಯ ತಪ್ಪೇ ನಮ್ಮ ವಿಚಾರಕ್ಕೆ ವಿಷಯ. ಯೂನಿಕ್ಸ್ ಸಂಪ್ರದಾಯದ ಯಂತ್ರಗಳು 1970ನೆಯ ಇಸವಿ ಜನವರಿ 1ರಿಂದ ಗ್ರೀನಿಚ್ಚಿನ ವೇಳೆಯಂತೆ ಸೆಕೆಂಡುಗಳನ್ನು ಎಣಿಸುತ್ತವೆ. ಒಡೆಯನ ಊರಿಗೆ ತಕ್ಕ ಅಂತರವನ್ನು ಮುಖದಲ್ಲಿ ತೋರಿಸುವಾಗ ಮಾತ್ರ ಕೂಡಿಸಿಕೊಳ್ಳುತ್ತವೆ. ಎಣಿಕೆಯು ಒಂದು, ಸ್ಥಳದ ಅರಿವು ಮತ್ತೊಂದು. ಗ್ರೀನಿಚ್ಚಿಗೆ ಹೊಂದಿಸಿದ ಇಂಥ ಯಂತ್ರವೊಂದು ಬೆಂಗಳೂರಿನ ಮನೆಯಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಬೆಳಗಿನ ಆರೂವರೆಯನ್ನು ತೋರಿಸುತ್ತಿದೆ ಎಂದಿಟ್ಟುಕೊಳ್ಳೋಣ. ಅವಸರದ ಒಡೆಯನು ಸ್ಥಳವನ್ನು ತಿದ್ದದೆ ವೇಳೆಯನ್ನೇ ಐದೂವರೆ ಗಂಟೆ ಮುಂದಕ್ಕೆ ತಳ್ಳುತ್ತಾನೆ. ಮುಖದಲ್ಲಿ ಹನ್ನೆರಡು ಬಂದಿತು, ಮನಸ್ಸಿಗೆ ಸಮಾಧಾನವಾಯಿತು. ಆದರೆ ನಡೆದುದೇನು? ಮೊದಲು ಇದ್ದುದು ಒಂದು ಸುಳ್ಳು. ಈಗ ಇರುವುದು ಎರಡು. ಒಂದಕ್ಕೊಂದು ವಿರುದ್ಧವಾದುದರಿಂದ ಅವೆರಡೂ ಕೂಡಿ ನಿಜದ ವೇಷವನ್ನು ತೊಟ್ಟಿವೆ.

ಯಂತ್ರವು ಒಂಟಿಯಾಗಿರುವವರೆಗೆ ಈ ವೇಷವು ಕಳಚುವುದಿಲ್ಲ. ಮತ್ತೊಂದು ಯಂತ್ರದೊಡನೆ ವ್ಯವಹಾರ ಬಿದ್ದೊಡನೆ ಕಳಚುತ್ತದೆ. ಅದು ಕಳುಹಿದ ಪತ್ರವು ಇನ್ನೂ ಬಾರದ ಗಳಿಗೆಯ ಮುದ್ರೆಯನ್ನು ಹೊತ್ತು ಹೋಗುತ್ತದೆ. ಎರಡು ಪ್ರತಿಗಳಲ್ಲಿ ಹೊಸದನ್ನು ಉಳಿಸಿ ಹಳೆಯದನ್ನು ಅಳಿಸು ಎಂದು ಆಜ್ಞಾಪಿಸಿದರೆ, ನಿಜವಾಗಿ ಹೊಸದಾದ ಬರಹವೇ ಅಳಿದುಹೋಗಬಹುದು. ಇದಕ್ಕಿಂತ ಶೋಚನೀಯವಾದುದು ಇನ್ನೊಂದಿದೆ. ಮುಂದೆ ತಿಳಿದವನೊಬ್ಬನು ಬಂದು ಸ್ಥಳವನ್ನು ಭಾರತವೆಂದು ಸರಿಯಾಗಿ ತಿದ್ದಿದನೆನ್ನಿ. ಆ ಕ್ಷಣವೇ ನಡುಹಗಲಿನಲ್ಲಿ ಗಡಿಯಾರವು ಸಂಜೆ ಐದೂವರೆಯನ್ನು ತೋರಿಸುತ್ತದೆ! ಸರಿಯಾಗಿದ್ದುದನ್ನು ಕೆಡಿಸಿದನೆಂಬ ಅಪವಾದವು ಅವನ ತಲೆಗೆ ಬರುತ್ತದೆ. ಜಮಾದಲ್ಲಿ ಬಿದ್ದ ಕೊರತೆಯನ್ನು ಕಲ್ಪಿತವಾದ ಖರ್ಚಿನಿಂದ ಸರಿತೂಗಿಸಿದ ಲೆಕ್ಕದ ಪುಸ್ತಕದಲ್ಲಿಯೂ ಹೀಗೆಯೇ. ಒಂದು ಸುಳ್ಳನ್ನು ಪ್ರಾಮಾಣಿಕವಾಗಿ ತೆಗೆದವನೇ ಲೆಕ್ಕ ತಪ್ಪಿಸಿದವನೆನಿಸುತ್ತಾನೆ. ಮರೆಮಾಚಿದ ತಪ್ಪಿನ ದೊಡ್ಡ ಅನರ್ಥವು ಇದೇ: ಅದು ಮುಂದೆ ಬರುವ ಸತ್ಯವಂತನನ್ನು ದೋಷಿಯನ್ನಾಗಿ ಮಾಡುತ್ತದೆ.

ಇಲ್ಲಿ ಒಂದು ಆಕ್ಷೇಪಣೆಯುಂಟು. ಗಡಿಯಾರದ ವೇಳೆಯೆಲ್ಲವೂ ಕಲ್ಪಿತವೇ ಅಲ್ಲವೆ? ಭಾರತದ ಮಾನಕ ವೇಳೆಯು 1906ರಲ್ಲಿ ಬಂದುದು. ಅದು 82½ ಅಂಶದ ಪೂರ್ವ ರೇಖಾಂಶವನ್ನು ಅನುಸರಿಸುತ್ತದೆ. ಬಳಿಕವೂ ಕಲ್ಕತ್ತೆಯು 1948ರವರೆಗೆ, ಮುಂಬಯಿಯು 1955ರವರೆಗೆ ತಮ್ಮತಮ್ಮ ವೇಳೆಯನ್ನು ಉಳಿಸಿಕೊಂಡಿದ್ದವು. ಬೆಂಗಳೂರಿನ ಸ್ಥಳೀಯ ವೇಳೆಯು ಇಂದಿಗೂ ಮಾನಕ ವೇಳೆಗಿಂತ ಸುಮಾರು ಇಪ್ಪತ್ತು ನಿಮಿಷ ಹಿಂದೆ. ಹಾಗಾದರೆ ನಾವೆಲ್ಲರೂ ಇಪ್ಪತ್ತು ನಿಮಿಷದ ಸುಳ್ಳನ್ನು ನಡೆಸುತ್ತಿದ್ದೇವೆಯೆ?

ಇಲ್ಲ. ಎಲ್ಲರೂ ಅರಿತು ಒಪ್ಪಿದ ಅಂತರವು ಸುಳ್ಳಲ್ಲ, ಸಂಕೇತ. ಬೇಕಾದವನು ಅದನ್ನು ಕಳೆದು ಸೂರ್ಯನ ಲೆಕ್ಕಕ್ಕೆ ಹಿಂದಿರುಗಬಹುದು. ಇಪ್ಪತ್ತೊಂದನೆಯ ಶತಮಾನವನ್ನು ಒಪ್ಪದ ಹಳೆಯ ಯಂತ್ರಗಳ ವಿಷಯದಲ್ಲಿಯೂ ಈ ನ್ಯಾಯವೇ. ಕೆಲವರು ಅಂಥ ಯಂತ್ರದಲ್ಲಿ ವರ್ಷವನ್ನು 28 ಹಿಂದಕ್ಕಿಟ್ಟುಕೊಳ್ಳುತ್ತಾರೆ. 2026ಕ್ಕೆ ಬದಲಾಗಿ 1998 ಎಂದಿಟ್ಟರೆ ವಾರಗಳೂ ತಾರೀಖುಗಳೂ ಪೂರ್ತಿಯಾಗಿ ಹೊಂದುತ್ತವೆ. ಇಂತಿಷ್ಟು ವರ್ಷ ಕೂಡಿಸಿ ಓದಿರಿ ಎಂದು ಚೀಟಿಯೊಂದನ್ನು ಯಂತ್ರಕ್ಕೆ ಅಂಟಿಸಿದವನು ಯಾರನ್ನೂ ವಂಚಿಸಲಿಲ್ಲ. ಅಂಟಿಸದವನು, ಅವನ ಉದ್ದೇಶವು ಎಷ್ಟೇ ನಿರ್ದೋಷವಾಗಿದ್ದರೂ, ಮುಂದಿನವರಿಗೆ ಸುಳ್ಳು ಸಾಕ್ಷ್ಯವನ್ನು ಬಿಟ್ಟುಹೋದನು. ಸಂಕೇತಕ್ಕೂ ಸುಳ್ಳಿಗೂ ನಡುವೆ ಇರುವುದು ಆ ಚೀಟಿಯೊಂದೇ.

ಆದುದರಿಂದ ಫಲವು ಸರಿಬಂದಿತೆಂಬುದು ತಿದ್ದುಪಡಿಗೆ ಸಾಕಾದ ಪ್ರಮಾಣವಲ್ಲ. ಎಣಿಕೆ ತಪ್ಪಿದೆಯೆ, ನೆನಪು ತಪ್ಪಿದೆಯೆ, ನಿಂತ ನೆಲದ ಅರಿವು ತಪ್ಪಿದೆಯೆ ಎಂದು ಮೊದಲು ವಿಚಾರಿಸಬೇಕು. ತಪ್ಪು ಎಲ್ಲಿದೆಯೋ ಅಲ್ಲಿಯೇ ಕೈಯಿಡಬೇಕು. ಅದಕ್ಕೆ ತಾಳ್ಮೆ ಬೇಕು. ಕೆಲಕಾಲ ತಪ್ಪಾದ ಮುಖವನ್ನೇ ನೋಡುತ್ತಿರುವ ಧೈರ್ಯವೂ ಬೇಕು. ಮುಳ್ಳನ್ನು ತಿರುಗಿಸುವುದಕ್ಕಾದರೋ ಬೆರಳೊಂದು ಸಾಕು.