ಎಷ್ಟು ಪೇಪರ್ ಬಂತು?

ಆಫೀಸಿನಲ್ಲಿ ಒಂದು ಕಾಲಕ್ಕೆ ಯಾರು ಎಷ್ಟು ಟಿಕೆಟ್ ಕ್ಲೋಸ್ ಮಾಡಿದ್ರು ಅಂತ ಎಣಿಸೋರು. ಎರಡೇ ವಾರದಲ್ಲಿ ನಾವೆಲ್ಲ ಒಂದು ಟಿಕೆಟನ್ನು ಮೂರಾಗಿ ಒಡೆಯೋದು ಕಲಿತುಬಿಟ್ಟೆವು. ಕೆಲಸ ಮೊದಲಿದ್ದಷ್ಟೇ, ಗ್ರಾಫ್ ಮಾತ್ರ ಏರಿತು.

ಮೊನ್ನೆ ಭಾರತದಲ್ಲಿ ಸ್ತನ ಕ್ಯಾನ್ಸರ್ ಸಂಶೋಧನೆ ಹೇಗೆ ಬೆಳೀತಿದೆ ಅಂತ ಓದುವಾಗ ಇದು ನೆನಪಾಯ್ತು. ಪೇಪರುಗಳ ಗೆರೆ ಮೇಲಕ್ಕೇ ಹೋಗ್ತಾ ಇದೆ. ಕಾಯಿಲೆಯ ಗೆರೆಯೂ ಅಷ್ಟೇ: ಗ್ಲೋಬೋಕಾನ್ ಅಂದಾಜಿನಂತೆ 2022ರಲ್ಲಿ ದೇಶದಲ್ಲಿ ಸುಮಾರು 1.92 ಲಕ್ಷ ಹೊಸ ರೋಗಿಗಳು, 98 ಸಾವಿರ ಸಾವು. ಹಾಗಾದರೆ ಮೊದಲನೇ ಗೆರೆ ನೋಡಿ ಖುಷಿಪಡಬೇಕಾ?

ಬಡ್ತಿಗೆ ಪೇಪರ್ ಬೇಕು ಅನ್ನೋ ಕಡೆ ಪೇಪರ್ ಹುಟ್ಟುತ್ತೆ, ಅದರಲ್ಲಿ ಆಶ್ಚರ್ಯ ಇಲ್ಲ. ಆದರೆ ಅದೇ ಗೆರೆಯೊಳಗೆ 2023ರ ಒಂದು ಪೇಪರೂ ಇದೆ. ಟಾಟಾ ಮೆಮೋರಿಯಲ್‌ನ ಡಾ. ರಾಜೇಂದ್ರ ಬಡ್ವೆ ಮತ್ತು ಸಂಗಡಿಗರದ್ದು. ಆಪರೇಷನ್‌ಗೆ ಕೆಲವೇ ನಿಮಿಷ ಮುಂಚೆ ಗಡ್ಡೆಯ ಸುತ್ತ ಲಿಗ್ನೋಕೇನ್ ಚುಚ್ಚಿದರು. ಹಲ್ಲು ಕೀಳುವಾಗ ಕೊಡ್ತಾರಲ್ಲ, ಅದೇ ಅಗ್ಗದ ಮದ್ದು. ಐದು ವರ್ಷದ ನಂತರ ಬದುಕಿದ್ದವರು ನೂರಕ್ಕೆ 86.4ರ ಬದಲು 90.1. ಹನ್ನೊಂದು ಆಸ್ಪತ್ರೆ, ಸುಮಾರು 1,600 ಹೆಂಗಸರು, ಹತ್ತು ವರ್ಷದ ಮೇಲಿನ ಕೆಲಸ. ಲೆಕ್ಕದಲ್ಲಿ? ಒಂದು ಪೇಪರ್.

ಇನ್ನೊಂದು ನನ್ನನ್ನು ಹೆಚ್ಚು ಕಾಡಿದ್ದು. 1998ರಲ್ಲಿ ಮುಂಬಯಿಯಲ್ಲಿ ಒಂದೂವರೆ ಲಕ್ಷ ಹೆಂಗಸರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ತರಬೇತಿ ಪಡೆದ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಮುಟ್ಟಿ ಪರೀಕ್ಷೆ ಮಾಡಿದರು. ಇನ್ನೊಂದಕ್ಕೆ ತಿಳಿವಳಿಕೆ ಮಾತ್ರ. 2021ರಲ್ಲಿ ಫಲಿತಾಂಶ ಬಂತು: ಐವತ್ತು ದಾಟಿದವರಲ್ಲಿ ಸಾವು ಹತ್ತಿರ ಹತ್ತಿರ ಶೇ. 30 ಕಡಿಮೆ. ಚಿಕ್ಕವಯಸ್ಸಿನವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ.

ಎರಡನೇ ಗುಂಪಿಗೆ ಅನ್ಯಾಯ ಆಯ್ತಾ? ನನಗೆ ಹಾಗನ್ನಿಸಲ್ಲ. ಆ ಪರೀಕ್ಷೆ ಜೀವ ಉಳಿಸುತ್ತೆ ಅಂತ ಆಗ ಯಾರಿಗೂ ಖಾತ್ರಿ ಇರಲಿಲ್ಲ. (ಎಸಿ ರೂಮಲ್ಲಿ ಕೂತು ಹೀಗನ್ನೋದು ಸುಲಭ, ಒಪ್ಪಿದೆ.) ಆದರೆ ಉತ್ತರ ಸಿಕ್ಕ ಮೇಲೆ ಅದನ್ನು ಜರ್ನಲ್‌ನಲ್ಲಿಟ್ಟು ಸುಮ್ಮನಾದರೆ ಅನ್ಯಾಯ ಶುರುವಾಗೋದು ಅಲ್ಲಿಂದ. ಆ ಹೆಂಗಸರು ಇಪ್ಪತ್ತು ವರ್ಷ ಲೆಕ್ಕಕ್ಕೆ ಸಿಕ್ಕಿದ್ದು ಪೇಪರಿಗಾಗಿ ಅಲ್ಲವಲ್ಲ.

ಸರ್ಕಾರದ ಕಾರ್ಯಕ್ರಮದಲ್ಲಿ ಮೂವತ್ತು ದಾಟಿದವರಿಗೆ ಈ ಪರೀಕ್ಷೆ ಇದೆ. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49ರ ಹೆಂಗಸರ ಪೈಕಿ ಒಮ್ಮೆಯಾದರೂ ಸ್ತನ ಪರೀಕ್ಷೆ ಆದವರು ನೂರಕ್ಕೆ ಒಬ್ಬರೂ ಇಲ್ಲ.

ನಮ್ಮ ದೊಡ್ಡಮ್ಮ ಉಷ್ಣದ ಗಂಟು ಅಂತ ಒಂದು ವರ್ಷ ಸೆರಗಿನೊಳಗೆ ಮುಚ್ಚಿಟ್ಟುಕೊಂಡಿದ್ದಳು. ಹೇಳಿದ್ದು ಹುಣ್ಣಾದ ಮೇಲೆ.

ಇದನ್ನು ಬರೆಯೋ ಮುಂಚೆ ಊರಿಗೆ ಫೋನ್ ಮಾಡಿ ಅಕ್ಕನ್ನ ಕೇಳಿದೆ, ಆಶಾ ಕಾರ್ಯಕರ್ತೆ ಬರ್ತಾರಾ ಅಂತ. "ಬರ್ತಾರೆ ಕಣೋ. ಬಿಪಿ, ಶುಗರು ನೋಡ್ಕೊಂಡು ಹೋದ್ರು" ಅಂದಳು. ಎದೆ ಪರೀಕ್ಷೆ? ಒಂದು ಕ್ಷಣ ಸುಮ್ಮನಿದ್ದು, "ಅದೆಲ್ಲ ಯಾರು ಹೇಳ್ತಾರೋ" ಅಂತ ಮಾತು ಬದಲಿಸಿದಳು.